ಕಲೆ ಗೋಡೆಯ ಮೇಲೋ, ಕೈಯೊಳಗೋ? ನಮ್ಮ ಕಲೆ, ಕಥೆ, ವಿಜ್ಞಾನ ಬೆರೆತ ವಿಡಿಯೊ ಗೇಮ್‌ಗಳಲ್ಲಿ ಯಾವುದನ್ನು ಆರಿಸಬೇಕು

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಬೆಳಿಗ್ಗೆ ಹನ್ನೊಂದರ ಮೇಲೆ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಸಂಜೆ ಬಿಸಿಲು ಇಳಿಯುವವರೆಗೆ ಮನೆಯಲ್ಲೇ ಇರಬೇಕು, ಮನೆಯಲ್ಲಿದ್ದರೆ ಮೊಬೈಲೇ. ಕಂಪ್ಯೂಟರ್ ಪಾಠ ಹೇಳುವ ನನಗೆ ಈ ದಿನಗಳಲ್ಲಿ ತಂದೆತಾಯಿಗಳಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಬರೇ ಗುಂಡ್ ಹೊಡಿಯೋ ಆಟನೇ ಆಡ್ತಾನ್ರೀ ಸರ್. ನಮ್ಮ ಕಥಿ, ನಮ್ಮ ಹಾಡು, ಡ್ಯಾನ್ಸು, ಸ್ವಲ್ಪ ಸೈನ್ಸು ಇರೋವಂಥದ್ದು ಏನರ ಅದಾವೇನ್ರಿ?"

ಅದಾವ. ಹತ್ತು ವರ್ಷದ ಹಿಂದೆ ಇದೇ ಪ್ರಶ್ನೆ ಬಂದಿದ್ದರೆ ತಲೆ ಕೆರೆದುಕೊಳ್ಳಬೇಕಿತ್ತು, ಈಗ ಆರಿಸುವಷ್ಟು ಇವೆ. ತೊಂದರೆ ಏನೆಂದರೆ ಎಲ್ಲದರ ಜಾಹೀರಾತಿನಲ್ಲೂ ಕಮಾನು, ಕಮಲ, ತ್ರಿಶೂಲ ಕಾಣುತ್ತವೆ. ಚಿತ್ರ ನೋಡಿ ಒಳಗೆ ಏನಿದೆ ಎಂದು ಗೊತ್ತಾಗುವುದಿಲ್ಲ.

ಅವಸರದಲ್ಲಿರುವವರಿಗೆ ಉತ್ತರ ಇಲ್ಲೇ ಹೇಳಿಬಿಡುತ್ತೇನೆ. ಹೊಡೆದಾಟವೂ ಬೇಕು, ಪುರಾಣವೂ ಬೇಕು ಎನ್ನುವ ಹೈಸ್ಕೂಲ್ ಹುಡುಗ ಹುಡುಗಿಯರಿಗೆ ರಾಜಿ. ಚಿತ್ರಕಲೆ, ರಂಗೋಲಿ, ಗಣಿತದಲ್ಲಿ ಆಸಕ್ತಿ ಇರುವವರಿಗೆ ಎಂಗಾರೆ. ಆಟವನ್ನೇ ಆಡದ ದೊಡ್ಡವರಿಗೆ ವೆಂಬ. ರಾಕೆಟ್ ಹುಚ್ಚಿನವರಿಗೆ ಕರ್ಬಲ್ ಸ್ಪೇಸ್ ಪ್ರೋಗ್ರಾಂ. ಒಂದೇ ಒಂದು ಕೊಳ್ಳುವಷ್ಟು ದುಡ್ಡಿದ್ದು, ಬೀದರ್ ಕಡೆ ಹೋಗಿಬರುವ ಅವಕಾಶವೂ ಇದ್ದರೆ, ಕಣ್ಣುಮುಚ್ಚಿ ಎಂಗಾರೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಅಳೆಯುವ ಕೋಲು

ಆಟದ ಗೋಡೆಯ ಮೇಲೆ ನಟರಾಜನ ಚಿತ್ರ ಇದ್ದಮಾತ್ರಕ್ಕೆ ಅದು ನೃತ್ಯದ ಆಟ ಆಗುವುದಿಲ್ಲ. ಆಡುವವರ ಬೆರಳು ಏನು ಮಾಡುತ್ತಿದೆ ಅನ್ನುವುದನ್ನು ನೋಡಬೇಕು. ಭರತನಾಟ್ಯ ಕಲಿಯುವ ಹುಡುಗಿಗೆ ತಿಶ್ರ, ಚತುರಶ್ರ, ಖಂಡ, ಮಿಶ್ರ, ಸಂಕೀರ್ಣ ಎಂದರೆ ಮೂರು, ನಾಲ್ಕು, ಐದು, ಏಳು, ಒಂಬತ್ತರ ಲೆಕ್ಕ. ಆ ಲೆಕ್ಕ ಅವಳ ಕಾಲಿನಲ್ಲಿರುತ್ತದೆ. ತಪ್ಪಿದರೆ ಗುರುಗಳ ತಟ್ಟುಕೋಲು ನಿಲ್ಲುತ್ತದೆ. ಈ ಲೇಖನದಲ್ಲಿ ಹೇಳುವ ಯಾವ ಆಟದಲ್ಲೂ ತಾಳ ತಪ್ಪಿದರೆ ಸೋಲುವುದಿಲ್ಲ. ಸಂಗೀತ, ನೃತ್ಯ ಇವುಗಳಲ್ಲಿ ಬಹುಪಾಲು ಹಿನ್ನೆಲೆಯಾಗಿ ಬರುತ್ತವೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮಗಳು ಆಟ ಆಡಿ ಅಭ್ಯಾಸ ಮಾಡುತ್ತಾಳೆ ಎಂದು ಕೊಂಡು, ಆಮೇಲೆ ನನ್ನ ಕಡೆ ತಿರುಗುತ್ತೀರಿ.

ಆದರೆ ಚಿತ್ರ, ಶಿಲ್ಪ, ಜ್ಯಾಮಿತಿಯ ಕಥೆ ಬೇರೆ. ಅಲ್ಲಿ ಕೆಲವು ಆಟಗಳು ನಿಜವಾಗಿಯೂ ಕಲೆಯನ್ನು ಕೈಗೆ ಕೊಡುತ್ತವೆ.

ರಾಜಿ ಮತ್ತು ಲಾಸ್ಟ್ ಲೆಗಸಿ

ಎರಡನ್ನೂ ಜೊತೆಗಿಟ್ಟು ನೋಡಬೇಕು. ಒಂದನ್ನು ಭಾರತದವರೇ ಮಾಡಿದ್ದು, ಇನ್ನೊಂದನ್ನು ಅಮೆರಿಕದ ದೊಡ್ಡ ಸ್ಟುಡಿಯೊ ಕರ್ನಾಟಕದ ಇತಿಹಾಸ ಹಿಡಿದು ಮಾಡಿದ್ದು.

ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್ ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್‌ನವರದು, 2020ರಲ್ಲಿ ಬಂತು. ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ಹೊಸಬರ ಮೊದಲ ಆಟಗಳ ವಿಭಾಗಕ್ಕೆ ನಾಮನಿರ್ದೇಶನವೂ ಆಗಿತ್ತು. ರಾಜಿ ಸರ್ಕಸ್‌ನಲ್ಲಿ ಬೆಳೆದ ಹುಡುಗಿ. ಅವಳ ತಮ್ಮ ಗೋಲುವನ್ನು ರಕ್ಕಸರು ಹೊತ್ತೊಯ್ಯುತ್ತಾರೆ, ದುರ್ಗೆಯ ತ್ರಿಶೂಲ ಇವಳ ಕೈಗೆ ಬರುತ್ತದೆ. ಕಥೆ ಹೇಳುವವರು ದುರ್ಗೆ ಮತ್ತು ವಿಷ್ಣು. ಇಬ್ಬರೂ ಮೇಲಿನಿಂದ ಇವಳನ್ನು ನೋಡುತ್ತ, ಅವಳ ಬಗ್ಗೆ ವಾದ ಮಾಡುತ್ತ ಹೋಗುತ್ತಾರೆ. ನಮ್ಮಲ್ಲಿ ದೊಡ್ಡಾಟ ನೋಡಿ ಬೆಳೆದವರಿಗೆ, ಪಕ್ಕದಲ್ಲಿ ನಿಂತು ಕಥೆ ನಡೆಸುವ ಭಾಗವತ ಹೊಸಬನೇನಲ್ಲ. ನಡುನಡುವೆ ಬರುವ ಪ್ರಸಂಗಗಳು ತೊಗಲುಗೊಂಬೆಯಾಟದ ರೀತಿಯಲ್ಲಿವೆ. ಅರಮನೆಗಳು ರಾಜಸ್ಥಾನದ್ದು, ಬಣ್ಣ ಪಹಾಡಿ ಚಿತ್ರಗಳದ್ದು, ಅಂದರೆ ಕಾಂಗ್ರಾ, ಬಸೋಹ್ಲಿ ಕಡೆಯ ಹಿಮಾಲಯದ ತಪ್ಪಲಿನ ಶೈಲಿ. ಸುರಪುರದ ಕಿರುಚಿತ್ರಗಳನ್ನು ನೋಡಿದ ಯಾದಗಿರಿ ಜಿಲ್ಲೆಯ ಮಕ್ಕಳಿಗೆ ಹೋಲಿಸಿ ನೋಡಲು ಹೇಳಿ: ಚಿನ್ನದ ಲೇಪ, ಮುಖದ ತಿರುವು, ಉಡುಗೆಯ ಅಂಚು ಎಲ್ಲೆಲ್ಲಿ ಬೇರೆಯಾಗುತ್ತದೆ ಅಂತ.

ರಾಜಿಯ ಕೈಚಳಕ ನನಗೆ ಇಷ್ಟ. ಅವಳು ಸಿಪಾಯಿಯಂತೆ ಕಾದಾಡುವುದಿಲ್ಲ. ಕಂಬಕ್ಕೆ ಸುತ್ತಿ, ಗೋಡೆಗೆ ಕಾಲು ಕೊಟ್ಟು, ಹಗ್ಗದಾಟದವಳ ಹಾಗೆ ಹಾರುತ್ತಾಳೆ. ಬಣ್ಣದ ಮಂಡಲಗಳನ್ನು ತಿರುಗಿಸಿ ಜೋಡಿಸುವ ಒಗಟುಗಳೂ ಇವೆ. ಇಲ್ಲಿ ಕಲೆ ಅರ್ಧ ಗೋಡೆಯ ಮೇಲೆ, ಅರ್ಧ ಕೈಯಲ್ಲಿ. ಕೊರತೆ ಎರಡು. ಹೊಡೆದಾಟ ಕೆಲವು ಹೊತ್ತಿನ ಮೇಲೆ ಒಂದೇ ಥರ ಅನ್ನಿಸುತ್ತದೆ. ಐದಾರು ಗಂಟೆಯಲ್ಲಿ ಆಟ ಮುಗಿಯುತ್ತದೆ, ಮುಗಿಯುವುದೂ ತಟ್ಟನೆ. ಇನ್ನೊಂದು ಅಧ್ಯಾಯ ಬರುತ್ತದೆ ಎಂದು ಕೂತವರಿಗೆ ಹೆಸರುಗಳ ಪಟ್ಟಿ ಬರುತ್ತದೆ. ಎನ್‌ಹ್ಯಾನ್ಸ್ಡ್ ಎಡಿಷನ್ ಎಂದಿರುವುದನ್ನೇ ನೋಡಿ ತೆಗೆದುಕೊಳ್ಳಿ, ಅದರಲ್ಲಿ ಹಿಂದಿ ಧ್ವನಿ ಇದೆ. ಇಂಗ್ಲಿಷ್‌ಗಿಂತ ಹಿಂದಿ ಹತ್ತಿರವಾದ ನಮ್ಮ ಕಡೆಯ ಮಕ್ಕಳಿಗೆ ಅದು ದೊಡ್ಡ ಅನುಕೂಲ.

ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ 2017ರದು, ನಾಟಿ ಡಾಗ್ ಮಾಡಿದ್ದು. ಕ್ಲೋಯಿ ಫ್ರೇಜರ್ ಎಂಬ ಅರ್ಧ ಭಾರತೀಯ ನಿಧಿ ಬೇಟೆಗಾರ್ತಿ ಪಶ್ಚಿಮ ಘಟ್ಟದಲ್ಲಿ ಹೊಯ್ಸಳರ ನಗರಗಳನ್ನು ಹುಡುಕುತ್ತ ಗಣೇಶನ ದಂತದ ಬೆನ್ನು ಹತ್ತುತ್ತಾಳೆ. ಶಿವ ಕೊಟ್ಟ ಕೊಡಲಿಯನ್ನು ಪರಶುರಾಮ ಬೀಸಿದಾಗ, ತಂದೆಯ ಆಯುಧಕ್ಕೆ ಅವಮಾನ ಆಗಬಾರದೆಂದು ಗಣಪತಿ ಅದನ್ನು ದಂತದ ಮೇಲೆ ತಾಳಿಕೊಂಡ ಎಂಬ ಕಥೆ ಇದೆಯಲ್ಲ, ಅದೇ ಇದರ ಬುನಾದಿ. ಹಳೇಬೀಡು, ಬೇಲೂರು ಎಂಬ ಹೆಸರುಗಳನ್ನು ಅಂತರರಾಷ್ಟ್ರೀಯ ಆಟವೊಂದರಲ್ಲಿ ಕೇಳಿದಾಗ ಖುಷಿ ಆಗದೇ ಇರದು. ಜೀಪು ಓಡಿಸುತ್ತ ಮಳೆಗಾಡು, ಜಲಪಾತ, ಪಾಳುಗೋಪುರಗಳ ನಡುವೆ ಅಲೆಯುವ ಭಾಗವಂತೂ ನೋಡಲಿಕ್ಕೇ ಚಂದ.

ಆದರೆ ಅಲ್ಲಿ ಕಾಣುವುದು ಹೊಯ್ಸಳ ಶಿಲ್ಪ ಅಂತ ಮಕ್ಕಳು ನಂಬಬಾರದು. ಆಟದವರು ಬೆಟ್ಟದಷ್ಟು ಎತ್ತರದ ವಿಗ್ರಹಗಳನ್ನು ನಿಲ್ಲಿಸಿದ್ದಾರೆ. ಹೊಯ್ಸಳರ ಹೆಗ್ಗಳಿಕೆ ಇದಕ್ಕೆ ತೀರ ಉಲ್ಟಾ. ಮೃದುವಾದ ಬಳಪದ ಕಲ್ಲು ಹಿಡಿದು, ಮದನಿಕೆಯ ಬಳೆ, ಕೂದಲಿನ ಸುರುಳಿ, ಕೈಗನ್ನಡಿಯವರೆಗೆ ಬಿಡಿಸಿದವರು ಅವರು. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠೆಯಾದದ್ದು. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಬೇಲೂರು, ಹಳೇಬೀಡು ಊರುಗಳೂ ಆಟದಲ್ಲಿರುವಂತೆ ಘಟ್ಟದ ಪ್ರಪಾತದ ಅಂಚಿನಲ್ಲಿಲ್ಲ, ಹಾಸನದ ಬಯಲಿನಲ್ಲಿವೆ. ಅಂದಮೇಲೆ ಇಲ್ಲಿ ಕಲೆ ಪೂರ್ತಿ ಗೋಡೆಯ ಮೇಲೆ. ಕೈ ಮಾಡುವುದು ಹತ್ತುವುದು, ಜಿಗಿಯುವುದು, ಗುಂಡು ಹೊಡೆಯುವುದು.

ಖರ್ಚಿನ ಲೆಕ್ಕದಲ್ಲೂ ಇದು ಭಾರ. ಪ್ಲೇಸ್ಟೇಷನ್ ಎಂಬ ಆಟದ ಯಂತ್ರ (ಕನ್ಸೋಲ್) ಬೇಕು, ಇಲ್ಲವೇ ಒಳ್ಳೆಯ ಗ್ರಾಫಿಕ್ಸ್ ಕಾರ್ಡಿನ ಪಿಸಿ. ಪಿಸಿಯಲ್ಲಿ 2022ರಿಂದ ಇನ್ನೊಂದು ಅನ್‌ಚಾರ್ಟೆಡ್ ಆಟದ ಜೊತೆ ಕಟ್ಟಾಗಿ ಸಿಗುತ್ತದೆ, ನೂರು ಜಿಬಿಗೂ ಹೆಚ್ಚು ಜಾಗ ಕೇಳುತ್ತದೆ. ಮನೆಯಲ್ಲಿ ಈಗಾಗಲೇ ಪ್ಲೇಸ್ಟೇಷನ್ ಇದ್ದರೆ ಆಡಿ, ಇದಕ್ಕಾಗಿಯೇ ಕೊಳ್ಳಲು ಹೋಗಬೇಡಿ. ಎರಡರಲ್ಲಿ ನನ್ನ ಓಟು ರಾಜಿಗೆ.

ಎಂಗಾರೆ, ಬೀದರಿನ ನೆಪದಲ್ಲಿ

ಪಟ್ಟಿಯಲ್ಲಿ ಅತಿ ಸಣ್ಣ ಆಟ ಇದು, ಭಾರತದ್ದೂ ಅಲ್ಲ. ಇರಾನಿನ ಮಹದಿ ಬಹ್ರಾಮಿ ಮಾಡಿದ್ದು, 2017ರಲ್ಲಿ ಬಂತು. ಹಾಗಿದ್ದರೂ ಬೀದರ್, ಕಲಬುರಗಿ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಆಟ ನನಗೆ ಕಂಡಿಲ್ಲ.

ಆಟ ಇಷ್ಟೇ. ಪರದೆಯ ಮೇಲೆ ಚಕ್ರವೋ, ಚೌಕವೋ, ಕೋಲೋ ಚಲಿಸುತ್ತಿರುತ್ತದೆ. ನೀವು ಅದರ ಮೇಲೆ ಒಂದು ಚುಕ್ಕಿ ಇಡಬೇಕು. ವಸ್ತು ಚಲಿಸಿದಂತೆ ಆ ಚುಕ್ಕಿ ಒಂದು ಗೆರೆ ಎಳೆಯುತ್ತದೆ. ಆಟ ಕೇಳಿದ ಆಕಾರ ಬಂದರೆ ಗೆದ್ದಿರಿ. ಚುಕ್ಕಿ ನಡುವೆ ಇಟ್ಟರೆ ಒಂದು ಗೆರೆ, ಅಂಚಿಗೆ ಇಟ್ಟರೆ ಪೂರಾ ಬೇರೆ ಗೆರೆ. ಕೆಲವು ಒಗಟು ದಾಟಿದ ಮೇಲೆ ಅದೇ ಗೆರೆಗಳಿಂದ ಹೂವು, ನಕ್ಷತ್ರ, ಜಾಲರಿಗಳನ್ನು ನೀವೇ ಬಿಡಿಸುವ ಸಲಕರಣೆಗಳು ತೆರೆದುಕೊಳ್ಳುತ್ತವೆ. ಓದಬೇಕಾದ ಮಾತು ಇಲ್ಲವೆಂದರೂ ಸರಿ, ಹಾಗಾಗಿ ಇಂಗ್ಲಿಷ್ ಬಾರದ ಅಜ್ಜಿಯೂ ಕೂತು ಆಡಬಹುದು. ರಂಗೋಲಿ ಹಾಕಿ ಪಳಗಿದ ಕೈಯಾದರೆ ಮೊಮ್ಮಕ್ಕಳಿಗಿಂತ ಮುಂದೆ ಹೋದಾಳು.

ಈಗ ಬೀದರಿಗೆ ಬನ್ನಿ. ಮಹಮೂದ್ ಗವಾನ್ ಇರಾನಿನ ಗಿಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ದಿವಾನನಾದವನು. ಅವನು 1472ರ ಹೊತ್ತಿಗೆ ಕಟ್ಟಿಸಿದ ಮದರಸಾದ ಮುಂಗೋಡೆಯಲ್ಲಿ ನೀಲಿ, ಹಸಿರು, ಬಿಳಿ ಹೆಂಚುಗಳ ಕೆಲಸ ಇವತ್ತಿಗೂ ಅಲ್ಲಲ್ಲಿ ಉಳಿದಿದೆ. ಅಷ್ಟೂರಿನ ಸಮಾಧಿಗಳ ಒಳಗೋಡೆಯ ಬಣ್ಣದ ಚಿತ್ತಾರ, ಕೋಟೆಯ ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕೆತ್ತನೆ, ಎಲ್ಲ ಅದೇ ಶೈಲಿಯ ಬಳಗದವು. ಆಟದಲ್ಲಿ ಎರಡು ದಿನ ಚುಕ್ಕಿ ಇಟ್ಟು ಗೆರೆ ಎಳೆದ ಹುಡುಗನನ್ನು ಅಲ್ಲಿ ನಿಲ್ಲಿಸಿ, ಈ ಹೂವು ಎಷ್ಟು ಮೂಲೆಯ ಆಕಾರದಿಂದ ಹುಟ್ಟಿದೆ ಹೇಳು ಎಂದು ಕೇಳಿ. ಕೈಯಲ್ಲಿ ಕಾಗದ, ಕೈವಾರ ಇದ್ದರೆ ಇನ್ನೂ ಚಲೋ.

ವಿಜ್ಞಾನ ಎಲ್ಲಿ ಅಂತ ಕೇಳುವವರಿಗೆ ಎರಡು ಮಾತು. ಒಂದು ವೃತ್ತದ ಮೇಲೆ ಇನ್ನೊಂದು ವೃತ್ತ ಸುತ್ತುತ್ತ ಗೆರೆ ಎಳೆಯುವ ಲೆಕ್ಕವನ್ನೇ ನಮ್ಮ ಜ್ಯೋತಿಷಿಗಳು ಗ್ರಹಗತಿಗೆ ಬಳಸಿದ್ದು. ಆರ್ಯಭಟನ ಗ್ರಂಥದಲ್ಲಿ ಬರುವ ನೀಚೋಚ್ಚ ವೃತ್ತ ಅದೇ. ಇನ್ನೊಂದು, ಬೀದರ್ ಪೇಟೆಯಲ್ಲೇ ನೋಡಲು ಸಿಗುವ ಬಿದರಿ ಕೆಲಸ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದ ಗೆರೆಗಳಲ್ಲಿ ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಸೇರಿಸಿದ ದ್ರಾವಣ ತಾಗಿಸಿದರೆ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಗೆರೆ ಹೇಗೆ ಹುಟ್ಟುತ್ತದೆ ಎಂಬುದನ್ನು ಆಟದಲ್ಲಿ ಕಂಡವರಿಗೆ, ಆ ಗೆರೆ ಲೋಹದಲ್ಲಿ ಕೂರುವುದನ್ನು ನೋಡುವ ಭಾಗ್ಯ ಬೇರೆ ಊರಿನಲ್ಲಿ ಎಲ್ಲಿದೆ?

ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಫೋನಿಗೂ ಇದೆ. ಬೇಸರ ಬರುವ ಅಪಾಯ ಇಷ್ಟೇ: ಕಥೆ ಇಲ್ಲ, ವೈರಿ ಇಲ್ಲ. ಅದು ಬೇಕೇಬೇಕು ಎನ್ನುವ ಹುಡುಗರಿಗೆ ಬಲವಂತ ಮಾಡಬೇಡಿ.

ವೆಂಬ

1980ರ ದಶಕದಲ್ಲಿ ಕೆನಡಾಗೆ ಹೋದ ತಮಿಳು ದಂಪತಿ, ಅವರಿಗೆ ಹುಟ್ಟಿ ಅಲ್ಲೇ ಬೆಳೆದ ಮಗ, ತವರಿನಿಂದ ತಂದ ಹರಿದ ಅಡುಗೆ ಪುಸ್ತಕ. ಮಸಿ ಅಳಿಸಿಹೋದ ಕಡೆ ಏನಿರಬೇಕು ಎಂದು ಊಹಿಸಿ ಇಡ್ಲಿ, ಬಿರಿಯಾನಿ ಮಾಡುವುದೇ ಆಟ. ಟೊರಾಂಟೊದ ವಿಸೈ ಗೇಮ್ಸ್ 2023ರಲ್ಲಿ ತಂದಿತು. ಮರುವರ್ಷ ಸ್ವತಂತ್ರ ಆಟಗಳ ಉತ್ಸವ ಐಜಿಎಫ್‌ನ ದೊಡ್ಡ ಬಹುಮಾನ, ಬಾಫ್ಟಾದ ಮೊದಲ ಆಟದ ಪ್ರಶಸ್ತಿ ಎರಡೂ ಬಂದವು. ಶಾಸ್ತ್ರೀಯ ಕಲೆ ಇಲ್ಲಿ ಇಲ್ಲ, ಹಾಡುಗಳು ಆಯಾ ಕಾಲದ ತಮಿಳು ಸಿನಿಮಾ ಧಾಟಿಯವು. ಆದರೂ ಪಟ್ಟಿಗೆ ಸೇರಿಸಿದ್ದು ಕೈ ಏನು ಮಾಡುತ್ತದೆ ಎಂಬ ನನ್ನ ಪ್ರಶ್ನೆಗೆ ಇದರಷ್ಟು ನೇರವಾಗಿ ಉತ್ತರಿಸುವ ಆಟ ಕಡಿಮೆ ಎಂದು. ಇಡ್ಲಿ ತಟ್ಟೆಯ ತೂತುಗಳು ಒಂದರ ಮೇಲೊಂದು ಬರಬಾರದು, ಹಬೆ ಆಡಬೇಕು ಅನ್ನುವುದನ್ನು ಯೋಚಿಸಿ ಜೋಡಿಸಬೇಕು. ಮಗ, ಮಗಳು ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ನೆಲೆಸಿದ ಮನೆಗಳಲ್ಲಿ ತಾಯಂದಿರು ಇದನ್ನು ಮುಗಿಸಿ ಸುಮ್ಮನೆ ಕೂತದ್ದು ಕಂಡಿದ್ದೇನೆ. ಆಡಲು ಒಂದೂವರೆ ಗಂಟೆ ಸಾಕು.

ಮೊಬೈಲ್ ಮಾತ್ರ ಇದ್ದವರು

ಇಂಡಸ್ ಬ್ಯಾಟಲ್ ರಾಯಲ್ ಹೆಸರು ಕೇಳಿರುತ್ತೀರಿ. ಪುಣೆಯ ಸೂಪರ್‌ಗೇಮಿಂಗ್ 2024ರ ಅಕ್ಟೋಬರ್‌ನಲ್ಲಿ ಬಿಟ್ಟದ್ದು, ಉಚಿತ. ಸಿಂಧೂ ನಾಗರಿಕತೆ ಅಳಿಯದೆ ಆಕಾಶಕ್ಕೆ ಹಬ್ಬಿದ್ದರೆ ಎಂಬಂಥ ಕಲ್ಪನೆ, ವೀರಲೋಕ ಎಂಬ ದ್ವೀಪ, ಕಾಸ್ಮಿಯಂ ಎಂಬ ಅಪೂರ್ವ ವಸ್ತು. ಎಲ್ಲರನ್ನೂ ಕೊಲ್ಲದೆ ಕಾಸ್ಮಿಯಂ ವಶಪಡಿಸಿಕೊಂಡೂ ಗೆಲ್ಲಬಹುದು ಎಂಬ ನಿಯಮ ಚೆನ್ನಾಗಿದೆ. ಉಳಿದಂತೆ, ನಿಮ್ಮ ಮಗ ಈಗ ಆಡುತ್ತಿರುವ ಗುಂಡಿನ ಆಟವೇ ಇದು, ವೇಷ ನಮ್ಮದು. ಗುಂಡಿನ ಆಟ ಬಿಡಿಸಬೇಕೆಂದು ಬಂದವರು ಇದನ್ನು ಹಾಕಿಕೊಟ್ಟರೆ ಏನೂ ಬದಲಾಗದು. ವೇಷಭೂಷಣಕ್ಕೆ ಒಳಗೆ ದುಡ್ಡು ಕೇಳುತ್ತದೆ, ಆದ್ದರಿಂದ ಫೋನಿನಲ್ಲಿ ಪಾವತಿಗೆ ಪಾಸ್‌ವರ್ಡ್ ಇಡಿ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು 2025ರ ಆಗಸ್ಟ್‌ನ ಕೇಂದ್ರ ಕಾನೂನು ನಿಷೇಧಿಸಿದೆ. ಇದು ಆ ಗುಂಪಿನದಲ್ಲ.

ಮೊಬೈಲ್ ಮಾತ್ರ ಇದ್ದರೆ ಎಂಗಾರೆಯೇ ಇರಲಿ.

ಹೀಗಾಗಿದ್ದರೆ ಎಂಬ ಕಲ್ಪನೆಯ ಆಟಗಳು

ಆಟಗಳಲ್ಲಿ ನಮ್ಮ ಪುರಾಣವನ್ನು ವಿಜ್ಞಾನ ಕಥೆಗೆ ಒಗ್ಗಿಸುವ ಧೈರ್ಯವನ್ನು ಜಪಾನಿನವರು ಹಿಂದೆಯೇ ತೋರಿದ್ದಾರೆ. ಅಟ್ಲಸ್ ಕಂಪನಿಯ ಡಿಜಿಟಲ್ ಡೆವಿಲ್ ಸಾಗಾ 2004ರಲ್ಲೇ ಬಂತು. ಪಾಳುಬಿದ್ದ ಲೋಕ, ಅಲ್ಲಿನ ಬಣಗಳ ಗುರಿ ನಿರ್ವಾಣ, ಅಗ್ನಿ, ವಾಯು, ಪೃಥ್ವಿ, ದ್ಯೌಸ್ ಹೆಸರಿನ ರೂಪ ತಾಳುವ ಪಾತ್ರಗಳು, ಕಲಿಯುವ ವಿದ್ಯೆಗಳಿಗೆ ಮಂತ್ರ ಎಂದೇ ಹೆಸರು. 2012ರ ಅಸುರಾಸ್ ರಾತ್‌ನಲ್ಲಿ ದೇವತೆಗಳು ಅರ್ಧ ಯಂತ್ರ, ರಥಗಳು ಅಂತರಿಕ್ಷ ನೌಕೆ. ಎರಡೂ ಹಳೆಯ ಕನ್ಸೋಲ್‌ಗಳ ಆಟ, ಎರಡರಲ್ಲೂ ರಕ್ತಪಾತ ಧಾರಾಳ. ಚಿಕ್ಕವರಿಗಲ್ಲ. ಇಂಥವು ಇವೆ ಎಂದು ಗೊತ್ತಿರಲಿ ಎಂದು ಹೇಳಿದೆ.

ಅಂತರಿಕ್ಷ ಸಂಚಾರ ಎಂಬ ಹೆಸರಿನ ಆಟದ ಬಗ್ಗೆ ಕೇಳುವವರೂ ಇದ್ದಾರೆ. ಭರತನಾಟ್ಯ ಕಲಾವಿದೆ ಜಯಲಕ್ಷ್ಮಿ ಈಶ್ವರ್, ವಿನ್ಯಾಸಕಾರ ಅವಿನಾಶ್ ಕುಮಾರ್, ಸಂಗೀತಕ್ಕೆ ಮೂರ್ತೋವಿಕ್ ಸೇರಿ ಬೆಳೆಸಿದ ಯೋಜನೆ. ಗಣಿತಜ್ಞ ರಾಮಾನುಜನ್ ಅವರ ಕನಸುಗಳಿಂದ ಹೊರಟಿದೆ. ನಾಮಗಿರಿ ದೇವಿ ಕನಸಿನಲ್ಲಿ ಸೂತ್ರ ಕೊಡುತ್ತಾಳೆ ಎನ್ನುತ್ತಿದ್ದವರು, ಸಾಯುವ ವರ್ಷ 1920ರ ಜನವರಿಯಲ್ಲಿ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಗೆ ಬರೆದ ಪತ್ರದಲ್ಲಿ ಮಾಕ್ ಥೀಟಾ ಎಂಬ ಹೊಸ ಬಗೆಯ ಗಣಿತ ಫಲನಗಳನ್ನು ಮುಂದಿಟ್ಟವರು. ನೃತ್ಯ, ಗಣಿತ, ಕಲ್ಪನೆ ಮೂರಕ್ಕೂ ಇದಕ್ಕಿಂತ ಒಳ್ಳೆಯ ಕೂಡಲ ಇಲ್ಲ. ರಂಗಪ್ರಯೋಗವಾಗಿ, ಸಂಗೀತವಾಗಿ ಜನರನ್ನು ತಲುಪಿರುವ ಯೋಜನೆ ಇದಾದ್ದರಿಂದ, ಆಟಕ್ಕೆ ಕಾಯುವವರು ಅಲ್ಲಿಯವರೆಗೆ ಸಂಗೀತ ಕೇಳಿ. ನನ್ನ ಹೋಲಿಕೆಯಲ್ಲಿ ಇದನ್ನು ತೂಗಿಲ್ಲ.

ಕುಂಭಕೋಣದ ಗಣಿತಜ್ಞನ ಮೇಲೆ ಆಟ ಮಾಡಬಹುದಾದರೆ ನಮ್ಮ ಮಳಖೇಡದ ಮೇಲೆ ಯಾಕಾಗಬಾರದು? ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಈ ಊರು ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಲೆಕ್ಕಗಳೆಲ್ಲ ಪದ್ಯದಲ್ಲಿ. ಆರು ರಸಗಳನ್ನು ಬೆರೆಸಿದರೆ ಎಷ್ಟು ಬಗೆಯ ರುಚಿ ಎಂದು ಕೇಳುತ್ತಾನೆ, ಉತ್ತರ 63. ಅಡುಗೆಯ ಆಟಕ್ಕೆ ಸಿದ್ಧ ಸಾಮಗ್ರಿ. ಇನ್ನು ಬಸವಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಸಂಗೀತ, ನೃತ್ಯಗಳ ಜೊತೆ ಕ್ರೀಡೆಗಳಿಗೇ ಇಪ್ಪತ್ತು ಅಧ್ಯಾಯ ಮೀಸಲು. ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಸಿಗುತ್ತಿಲ್ಲ ಎಂದು ಬರುವ ಹುಡುಗರಿಗೆ ನಾನು ಈಗ ಇದನ್ನೇ ಹೇಳುತ್ತಿದ್ದೇನೆ.

ಬರೇ ವಿಜ್ಞಾನ ಸಾಕೆನ್ನುವವರಿಗೆ, ರಾಕೆಟ್ ಕಟ್ಟಿ ಹಾರಿಸುವ ಆಟ ಕರ್ಬಲ್ ಸ್ಪೇಸ್ ಪ್ರೋಗ್ರಾಂ. ಇದರಲ್ಲಿ ಭಾರತವೂ ಇಲ್ಲ, ಕಲೆಯೂ ಇಲ್ಲ. ಆದರೆ 2023ರ ಜುಲೈ 14ರಂದು ಹಾರಿದ ಚಂದ್ರಯಾನ-3 ಆಗಸ್ಟ್ 23ಕ್ಕೆ ಇಳಿದದ್ದೇಕೆ, ಮೊದಲು ಭೂಮಿಯನ್ನೇ ಸುತ್ತಿ ಸುತ್ತಿ ಕಕ್ಷೆ ಎತ್ತರಿಸಿದ್ದೇಕೆ ಎಂಬುದು ಇದನ್ನು ಆಡಿದ ಹುಡುಗಿಗೆ ಪಾಠವಿಲ್ಲದೆ ತಿಳಿಯುತ್ತದೆ. ಭೂಮಿಗೆ ಅತಿ ಹತ್ತಿರ, ಅತಿ ವೇಗದಲ್ಲಿ ಇರುವಾಗ ಎಂಜಿನ್ ಉರಿಸಿದರೆ ಅದೇ ಇಂಧನಕ್ಕೆ ಹೆಚ್ಚು ಲಾಭ. ಅವಳೇ ನಾಲ್ಕು ರಾಕೆಟ್ ಕೆಡವಿ ಕಂಡುಕೊಳ್ಳುತ್ತಾಳೆ. 2015ರ ಮೊದಲ ಆವೃತ್ತಿಯನ್ನೇ ಕೊಳ್ಳಿ. ಎರಡನೆಯದು 2023ರಲ್ಲಿ ಅಪೂರ್ಣವಾಗಿಯೇ ಮಾರಾಟಕ್ಕೆ ಬಂತು, ಮರುವರ್ಷ ಅದರ ಸ್ಟುಡಿಯೊ ಮುಚ್ಚಿತು. ಆಡಿ ಸಾಕಾದ ದಿನ ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಕರೆದುಕೊಂಡು ಹೋಗಿ.

ಬಿಸಿಲು, ಕರೆಂಟು, ದುಡ್ಡು

ನಮ್ಮ ಕಡೆ ಮೇ ತಿಂಗಳಲ್ಲಿ ಪಾರಾ 42 ದಾಟಿದಾಗ ಲ್ಯಾಪ್‌ಟಾಪ್ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಅಂಗಡಿಯ ಎಸಿಯಲ್ಲಿ ಸರಾಗ ಓಡಿದ ರಾಜಿ ಮನೆಯಲ್ಲಿ ಮುಗ್ಗರಿಸಿದರೆ ಆಟದ ತಪ್ಪಲ್ಲ. ಗ್ರಾಫಿಕ್ಸ್ ಮಟ್ಟ ಇಳಿಸಿ, ಅಡಿಗೆ ಗಾಳಿ ಆಡುವಂತೆ ಎತ್ತರಿಸಿ, ಬೆಳಿಗ್ಗೆ ಆಡಲು ಹೇಳಿ. ಡೆಸ್ಕ್‌ಟಾಪ್ ಇದ್ದವರು ಯುಪಿಎಸ್ ಇಲ್ಲದೆ ದೊಡ್ಡ ಆಟಕ್ಕೆ ಕೈಹಾಕಬೇಡಿ. ಕರೆಂಟ್ ಹೋದರೆ ಹಿಂದಿನ ಸೇವ್‌ನಿಂದ ಮತ್ತೆ ಶುರು ಮಾಡಬೇಕು. ಎಂಗಾರೆ, ವೆಂಬಗಳಲ್ಲಿ ಆ ಚಿಂತೆ ಕಡಿಮೆ.

ಪಿಸಿ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಬೇಸಿಗೆಗೊಮ್ಮೆ, ಚಳಿಗಾಲಕ್ಕೊಮ್ಮೆ ದೊಡ್ಡ ರಿಯಾಯಿತಿ ಇರುತ್ತದೆ. ನಮ್ಮ ಶಾಲೆಗಳಿಗೆ ರಜೆ ಮುಗಿದ ಮೇಲೆಯೇ ಬೇಸಿಗೆ ರಿಯಾಯಿತಿ ಬರುವುದು, ಅದಕ್ಕೇನು ಮಾಡುವುದು. ಚಳಿಗಾಲದಲ್ಲೇ ಕೊಂಡಿಟ್ಟುಕೊಳ್ಳುವುದು ಜಾಣತನ. ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಸಿಗುತ್ತದೆ. ರಾಜಿಯಂಥದ್ದಕ್ಕೆ ಈ ನಿಯಮವನ್ನು ಚೆನ್ನಾಗಿ ಬಳಸಿಕೊಳ್ಳಿ: ಮೊದಲ ಒಂದು ಗಂಟೆಯಲ್ಲಿ ನಿಮ್ಮ ಯಂತ್ರ ತಡೆದುಕೊಳ್ಳುತ್ತದೋ ಇಲ್ಲವೋ ಗೊತ್ತಾಗುತ್ತದೆ, ಇಲ್ಲವಾದರೆ ಮರಳಿಸಿ. ವೆಂಬಕ್ಕೂ ಇದೇ ನಿಯಮ ಅನ್ವಯ. ಒಂದೂವರೆ ಗಂಟೆಯಲ್ಲಿ ಪೂರ್ತಿ ಆಡಿ ಮರಳಿಸಬಹುದಲ್ಲ ಸರ್ ಎಂದು ನನ್ನ ವಿದ್ಯಾರ್ಥಿಯೊಬ್ಬ ಲೆಕ್ಕ ಹಾಕಿ ಹೇಳಿದ. ಖಾನಾವಳಿಯಲ್ಲಿ ಉಂಡು ಕೈತೊಳೆದ ಮೇಲೆ ಕೂಪನ್ ವಾಪಸ್ ಕೊಟ್ಟ ಹಾಗಾಯಿತು ಅದು, ಬ್ಯಾಡ ಅಂದೆ.